ಓದಿಗೆ ಮಾತ್ರ ಒಂದು ಇಂಗ್ಲಿಷು: ಚೀನಾದ ಆರೋಗ್ಯ ವೃತ್ತಿಪರರ ಪದಾಭ್ಯಾಸ ಮತ್ತು ಓದಿನ ಗ್ರಹಿಕೆ ಕುರಿತು

1

ವಿಮರ್ಶೆಯ ವಸ್ತುವಾಗಬಲ್ಲ ಪಠ್ಯವೆಂದರೆ ಕಾವ್ಯ, ಕಾದಂಬರಿ, ಶಾಸನ, ಹೆಚ್ಚೆಂದರೆ ಪತ್ರಿಕಾ ಬರಹ ಎಂಬ ತಿಳಿವಳಿಕೆ ನಮ್ಮಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಪರೀಕ್ಷೆಗೆಂದು ಸಿದ್ಧಪಡಿಸಿದ ಅಭ್ಯಾಸ ಪುಸ್ತಕಗಳನ್ನು ಯಾರೂ ಈ ಸಾಲಿಗೆ ಸೇರಿಸುವುದಿಲ್ಲ. ಆದರೆ ಓದುಗರ ಸಂಖ್ಯೆಯನ್ನೂ, ಓದುಗರ ಬದುಕಿನ ಮೇಲೆ ಬೀರುವ ಪರಿಣಾಮವನ್ನೂ ಗಣನೆಗೆ ತೆಗೆದುಕೊಂಡರೆ ಇಂತಹ ಪುಸ್ತಕಗಳು ಯಾವ ಕಾದಂಬರಿಗೂ ಕಡಿಮೆಯಾದವುಗಳಲ್ಲ. ಒಂದು ಸಮಾಜವು ತನ್ನ ವಿದ್ಯಾವಂತ ವರ್ಗದಿಂದ ಎಂತಹ ಓದನ್ನು ನಿರೀಕ್ಷಿಸುತ್ತದೆ, ಯಾವುದನ್ನು ಓದು ಎಂದು ಒಪ್ಪಿಕೊಳ್ಳುತ್ತದೆ ಎಂಬುದು ಈ ಪುಸ್ತಕಗಳಲ್ಲಿ ಮುಚ್ಚುಮರೆಯಿಲ್ಲದೆ ದಾಖಲಾಗಿರುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಚರ್ಚಿಸಹೊರಟಿರುವುದು ಚೀನಾದ ವೈದ್ಯರು, ದಾದಿಯರು, ಔಷಧಶಾಸ್ತ್ರಜ್ಞರು ಮತ್ತು ಪ್ರಯೋಗಾಲಯ ತಜ್ಞರಿಗಾಗಿ ರೂಪುಗೊಂಡ ಇಂಗ್ಲಿಷ್ ಪದಾಭ್ಯಾಸ ಹಾಗೂ ಓದಿನ ಗ್ರಹಿಕೆಯ ಅಭ್ಯಾಸವನ್ನು. ಇದರ ಪ್ರಾತಿನಿಧಿಕ ರೂಪ ವೃತ್ತಿಪದವಿಗಾಗಿ ನಡೆಯುತ್ತಿದ್ದ ರಾಷ್ಟ್ರೀಯ ವಿದೇಶಿ ಭಾಷಾ ಪರೀಕ್ಷೆ. 1999ರಿಂದ ಏಕರೂಪವಾಗಿ ನಡೆದ ಈ ಪರೀಕ್ಷೆ ಸುಮಾರು ಎರಡು ದಶಕಗಳ ಕಾಲ ಚೀನಾದ ವೈದ್ಯನೊಬ್ಬನ ಬಡ್ತಿಗೂ ಇಂಗ್ಲಿಷಿಗೂ ಗಂಟು ಹಾಕಿತ್ತು. ಪರೀಕ್ಷೆ ಈಗ ಕಡ್ಡಾಯವಾಗಿ ಉಳಿದಿಲ್ಲ. ಆದರೆ ಅದು ರೂಢಿಸಿದ ಓದಿನ ಮಾದರಿ ಅಷ್ಟು ಸುಲಭವಾಗಿ ಮರೆಯಾಗುವಂತಹುದಲ್ಲ. ಆ ಮಾದರಿಯ ಬಲವೇನು, ಮಿತಿಯೇನು ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಕರ್ನಾಟಕದ ಹೊರಗೆ, ಒಂದಕ್ಕಿಂತ ಹೆಚ್ಚು ಭಾಷೆಗಳ ನಡುವೆ ಬದುಕುತ್ತಾ ಸಂಶೋಧನೆ ಮಾಡುವವರಿಗೆ ಈ ಪ್ರಶ್ನೆ ದೂರದ್ದೆನಿಸಲಾರದು.

2

ಚೀನಾದ ಆಧುನಿಕ ವೈದ್ಯವಿದ್ಯೆಗೆ ಭಾಷೆಯ ಪ್ರಶ್ನೆ ಮೊದಲಿನಿಂದಲೂ ಅಂಟಿಕೊಂಡು ಬಂದಿದೆ. 1835ರಲ್ಲಿ ಅಮೆರಿಕದ ಮಿಷನರಿ ವೈದ್ಯ ಪೀಟರ್ ಪಾರ್ಕರ್ ಕ್ಯಾಂಟನ್ನಿನಲ್ಲಿ ನೇತ್ರ ಚಿಕಿತ್ಸಾಲಯ ತೆರೆದ. ಇಂಗ್ಲೆಂಡಿನ ಬೆಂಜಮಿನ್ ಹಾಬ್ಸನ್ 1851ರಲ್ಲಿ ಶರೀರರಚನೆ ಮತ್ತು ಶರೀರಕ್ರಿಯೆಗಳನ್ನು ಕುರಿತು ಚೀನೀ ಭಾಷೆಯಲ್ಲಿಯೇ ಒಂದು ಗ್ರಂಥ ಪ್ರಕಟಿಸಿದ; 1858ರಲ್ಲಿ ಇಂಗ್ಲಿಷ್-ಚೀನೀ ವೈದ್ಯಕೀಯ ಪದಕೋಶವನ್ನು ಹೊರತಂದ. ಅರ್ಧ ಶತಮಾನದ ಬಳಿಕ, 1908ರಲ್ಲಿ, ಫಿಲಿಪ್ ಕೌಸ್‌ಲ್ಯಾಂಡ್ ಸಂಪಾದಿಸಿದ ವೈದ್ಯಕೀಯ ಪದಕೋಶ ಬಂದಿತು. ಈ ಮಿಷನರಿಗಳ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ವಿದ್ಯೆಯನ್ನು ರೋಗಿಯ ಭಾಷೆಗೆ ತರಬೇಕೆ, ವಿದ್ಯಾರ್ಥಿಯನ್ನು ವಿದ್ಯೆಯ ಭಾಷೆಗೆ ಒಯ್ಯಬೇಕೆ?

ಎರಡೂ ಉತ್ತರಗಳನ್ನು ಚೀನಾ ಪ್ರಯೋಗಿಸಿ ನೋಡಿದೆ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ರೂಪುಗೊಂಡು 1921ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜಿನಲ್ಲಿ ಬೋಧನೆ ಇಂಗ್ಲಿಷಿನಲ್ಲಿತ್ತು. 1907ರಲ್ಲಿ ಶಾಂಘಾಯಿಯಲ್ಲಿ ಆರಂಭವಾದ ಥೊಂಗ್‌ಜಿ ವೈದ್ಯಶಾಲೆಯಲ್ಲಿ ಜರ್ಮನ್ ಇತ್ತು. ಜಪಾನಿಗೆ ಹೋದವರು ಜಪಾನೀ ಭಾಷೆಯಲ್ಲಿ ಕಲಿತರು. 1950ರ ದಶಕದಲ್ಲಿ ಸೋವಿಯತ್ ಪ್ರಭಾವದಿಂದ ರಷ್ಯನ್ ಮುಂದೆ ಬಂದಿತು. 1970ರ ದಶಕದ ಕೊನೆಯ ಸುಧಾರಣೆಗಳ ಬಳಿಕ ಇಂಗ್ಲಿಷು ಮತ್ತೆ ಪ್ರಾಶಸ್ತ್ಯ ಪಡೆಯಿತು. ಇಷ್ಟೆಲ್ಲ ಭಾಷೆಗಳು ಬಂದು ಹೋದರೂ ಒಂದು ಮೂಲಭೂತ ತೀರ್ಮಾನ ಸ್ಥಿರವಾಯಿತು. ಬೋಧನೆ, ರೋಗಿಯೊಡನೆ ಮಾತು, ಚಿಕಿತ್ಸಾ ದಾಖಲೆ, ಇವೆಲ್ಲ ಚೀನೀ ಭಾಷೆಯಲ್ಲಿ ನಡೆಯಬೇಕು. ವಿದೇಶಿ ಭಾಷೆ ಹೊರಗಿನ ಜ್ಞಾನವನ್ನು ಓದಿ ತಿಳಿಯುವುದಕ್ಕೆ ಇರಬೇಕು. ಭಾರತದ ವೈದ್ಯಶಿಕ್ಷಣ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು ಎಂಬುದನ್ನು ಇಲ್ಲಿ ನೆನೆಯಬೇಕು. 1918ರಲ್ಲಿ ಆರಂಭವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ವೈದ್ಯಶಾಸ್ತ್ರವನ್ನು ಬೋಧಿಸಿದ್ದು ನಮ್ಮಲ್ಲಿ ಒಂದು ಅಪವಾದವಾಗಿಯೇ ಉಳಿಯಿತು.

ಓದಿಗೆ ಮಾತ್ರ ಮೀಸಲಾದ ಇಂಗ್ಲಿಷು ಎಂಬ ಕಲ್ಪನೆಗೂ ಭಾರತಕ್ಕೂ ಒಂದು ನಂಟಿದೆ. ಢಾಕಾದಲ್ಲಿ ಅಧ್ಯಾಪಕರಾಗಿದ್ದ ಮೈಕೇಲ್ ವೆಸ್ಟ್ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಬಂಗಾಳಿ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಮಾತನಾಡುವ ಶಕ್ತಿಗಿಂತ ಓದುವ ಶಕ್ತಿ ಹೆಚ್ಚು ಅಗತ್ಯವೆಂದು ವಾದಿಸಿದರು. ಪದಗಳನ್ನು ಎಣಿಸಿ, ಆಯ್ದು, ಹಂತಹಂತವಾಗಿ ಪರಿಚಯಿಸುವ ಅವರ ಕ್ರಮ 1953ರಲ್ಲಿ ಸುಮಾರು 2000 ಪದಗಳ ಸಾಮಾನ್ಯ ಬಳಕೆಯ ಪಟ್ಟಿಯಾಗಿ ಪರಿಣಮಿಸಿತು. ಚೀನಾದ ವೈದ್ಯನ ಕೈಯಲ್ಲಿದ್ದ ಪದಪಟ್ಟಿಯ ಹಿಂದೆ ಹೀಗೆ ವಸಾಹತು ಬಂಗಾಳದ ಒಂದು ತರಗತಿಯೂ ಇದೆ.

3

ಪರೀಕ್ಷೆಯ ಆಕೃತಿಯನ್ನು ಈಗ ಗಮನಿಸಬಹುದು. ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಮಾನ್ಯ, ವಿಜ್ಞಾನ-ತಂತ್ರಜ್ಞಾನ ಹಾಗೂ ಆರೋಗ್ಯ ಎಂಬ ಮೂರು ವಿಭಾಗಗಳಿದ್ದವು. ಪ್ರತಿಯೊಂದರಲ್ಲೂ ಎ, ಬಿ, ಸಿ ಎಂಬ ಮೂರು ಮಟ್ಟಗಳು. 120 ನಿಮಿಷಗಳ ಅವಧಿ, 100 ಅಂಕ, 65 ಪ್ರಶ್ನೆಗಳು. ಮೊದಲು 15 ಪದಗಳಿಗೆ ಸಮಾನಾರ್ಥಕ ಪದವನ್ನು ಆರಿಸುವುದು, 15 ಅಂಕ. ಬಳಿಕ ಒಂದು ಗದ್ಯಭಾಗವನ್ನು ಓದಿ 7 ಹೇಳಿಕೆಗಳ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು, 7 ಅಂಕ. ಖಂಡಗಳ ಸಾರವನ್ನು ಗುರುತಿಸಿ ವಾಕ್ಯಗಳನ್ನು ಪೂರ್ಣಗೊಳಿಸುವುದು, 8 ಅಂಕ. ಮೂರು ಗದ್ಯಭಾಗಗಳನ್ನು ಓದಿ 15 ಪ್ರಶ್ನೆಗಳಿಗೆ ಉತ್ತರಿಸುವುದು, 45 ಅಂಕ. ಬಿಟ್ಟುಹೋದ ವಾಕ್ಯಗಳನ್ನು ಸೂಕ್ತ ಸ್ಥಾನದಲ್ಲಿ ಸೇರಿಸುವುದು, 10 ಅಂಕ. ಬಿಟ್ಟುಹೋದ ಪದಗಳನ್ನು ತುಂಬುವುದು, 15 ಅಂಕ. ಎಲ್ಲವೂ ಆಯ್ಕೆಯ ಪ್ರಶ್ನೆಗಳು. ಅಭ್ಯರ್ಥಿ ತನ್ನದೇ ಆದ ಒಂದು ಇಂಗ್ಲಿಷ್ ವಾಕ್ಯವನ್ನೂ ಬರೆಯಬೇಕಾಗಿರಲಿಲ್ಲ. ಒಂದು ಮಾತನ್ನೂ ಆಡಬೇಕಾಗಿರಲಿಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಮುದ್ರಿತ ನಿಘಂಟನ್ನು ಜತೆಗೆ ಒಯ್ಯಲು ಅನುಮತಿಯಿತ್ತು.

ಈ ಕೊನೆಯ ಸಂಗತಿಯನ್ನು ಕೆಲವರು ಸೌಲಭ್ಯವೆಂದೂ ಕೆಲವರು ಹಾಸ್ಯಾಸ್ಪದವೆಂದೂ ಕಂಡಿದ್ದಾರೆ. ನಮಗೆ ಅದು ಇಡೀ ವ್ಯವಸ್ಥೆಯ ಒಳವಿರೋಧವನ್ನು ತೋರುವ ಸಂಗತಿಯಾಗಿ ಕಾಣುತ್ತದೆ. ನಿಜವಾದ ಓದಿನಲ್ಲಿ ನಿಘಂಟು ಸಹಜವಾದ ಸಾಧನ. ಪರೀಕ್ಷೆ ಅದನ್ನು ಒಪ್ಪಿಕೊಂಡದ್ದು ಸರಿಯಾದದ್ದೇ. ಆದರೆ ಸಮಾನಾರ್ಥಕ ಪದವನ್ನು ಆರಿಸುವ ಪ್ರಶ್ನೆಯ ಎದುರು ನಿಘಂಟನ್ನು ಇಟ್ಟಾಗ ಅಭ್ಯರ್ಥಿ ವಾಕ್ಯವನ್ನು ಓದುವ ಅಗತ್ಯವೇ ಉಳಿಯುವುದಿಲ್ಲ. ಗೆರೆ ಎಳೆದ ಪದವನ್ನು ನಿಘಂಟಿನಲ್ಲಿ ಹುಡುಕಿ, ಅಲ್ಲಿನ ಅರ್ಥವನ್ನು ನಾಲ್ಕು ಆಯ್ಕೆಗಳೊಂದಿಗೆ ಹೋಲಿಸಿದರೆ ಸಾಕು. ಪದವು ವಾಕ್ಯದಿಂದ ಬಿಡುಗಡೆಗೊಂಡು ಪುಟ ತಿರುಗಿಸುವ ವೇಗದ ವಿಷಯವಾಗುತ್ತದೆ. ಇದರ ಜತೆಗೆ, ಅಧಿಕೃತ ಪಠ್ಯಪುಸ್ತಕದ ಕೆಲವು ಗದ್ಯಭಾಗಗಳು ಪ್ರಶ್ನೆಪತ್ರಿಕೆಯಲ್ಲಿ ಮರಳಿ ಬರುವ ರೂಢಿಯೂ ಇದ್ದುದರಿಂದ, ಗ್ರಹಿಕೆಯ ಪರೀಕ್ಷೆ ಕೆಲಮಟ್ಟಿಗೆ ನೆನಪಿನ ಪರೀಕ್ಷೆಯೂ ಆಯಿತು. ಒಂದು ಗದ್ಯಭಾಗವನ್ನು ಮೊದಲೇ ಬಾಯಿಪಾಠ ಮಾಡಿದವನು ಅದನ್ನು ಓದಿದ್ದಾನೆಯೇ ಎಂಬ ಪ್ರಶ್ನೆ ನಮ್ಮ ಕಂಠಪಾಠ ಪರಂಪರೆಯನ್ನು ಬಲ್ಲವರಿಗೆ ಹೊಸದಲ್ಲ.

ಆರೋಗ್ಯ ವಿಭಾಗದ ಗದ್ಯಭಾಗಗಳ ಸ್ವರೂಪವೂ ಗಮನಾರ್ಹ. ನಿದ್ರೆ, ಬೊಜ್ಜು, ಆಹಾರಕ್ರಮ, ಹೊಸ ಔಷಧದ ಸುದ್ದಿ, ಇಂತಹ ಜನಪ್ರಿಯ ವಿಜ್ಞಾನದ ಬರಹಗಳೇ ಅಲ್ಲಿ ಹೆಚ್ಚು. ವೃತ್ತಿಯಲ್ಲಿ ಹತ್ತಾರು ವರ್ಷ ಕಳೆದ ಹೃದಯತಜ್ಞ, ಸಾಮಾನ್ಯ ಓದುಗನಿಗೆಂದು ಬರೆದ ಹೃದ್ರೋಗದ ಲೇಖನವನ್ನು ಓದಿ, ಅದರ ಬಗ್ಗೆ ತಾನು ಬಲ್ಲದ್ದನ್ನೆಲ್ಲ ಬದಿಗಿಟ್ಟು, ಲೇಖನದಲ್ಲಿ ಇದ್ದದ್ದನ್ನು ಮಾತ್ರ ಗುರುತಿಸಬೇಕು. ಇಲ್ಲಿ ಓದುಗನ ವೃತ್ತಿಜ್ಞಾನ ನೆರವಾಗುವ ಬದಲು ಅಡ್ಡಿಯೂ ಆಗಬಹುದು. ವೃತ್ತಿಪರರಿಗಾಗಿ ರಚಿತವಾದ ಪರೀಕ್ಷೆ ವೃತ್ತಿಯನ್ನು ಹೊರಗಿಟ್ಟು ನಡೆಯಿತು ಎಂಬುದು ನಮ್ಮ ಮುಖ್ಯ ಆಕ್ಷೇಪ.

ಆದರೂ ಈ ಆಕೃತಿಯಲ್ಲಿ ಒಂದು ಅಂಶವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಹೇಳಿಕೆಗಳನ್ನು ನಿರ್ಣಯಿಸುವ ಭಾಗದಲ್ಲಿ ಸರಿ, ತಪ್ಪು ಎಂಬ ಎರಡು ಉತ್ತರಗಳ ಜತೆಗೆ 'ಪ್ರಸ್ತಾಪವಿಲ್ಲ' ಎಂಬ ಮೂರನೆಯ ಉತ್ತರವೂ ಇತ್ತು. ಗದ್ಯಭಾಗ ಒಂದು ಸಂಗತಿಯನ್ನು ಅಲ್ಲಗಳೆಯುವುದು ಬೇರೆ, ಆ ಸಂಗತಿಯ ಬಗ್ಗೆ ಮೌನವಾಗಿರುವುದು ಬೇರೆ. ವೈದ್ಯನ ಪಾಲಿಗೆ ಈ ಭೇದ ಬರೀ ತರ್ಕದ ಕಸರತ್ತಲ್ಲ. ಒಂದು ಔಷಧ ಗರ್ಭಿಣಿಯರಿಗೆ ಹಾನಿಕರವಲ್ಲವೆಂದು ಅಧ್ಯಯನ ತೋರಿಸಿದೆ ಎಂಬುದಕ್ಕೂ, ಆ ಅಧ್ಯಯನದಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲೇ ಇಲ್ಲ ಎಂಬುದಕ್ಕೂ ಇರುವ ಅಂತರದಲ್ಲಿ ಜೀವಗಳಿವೆ. ಪಠ್ಯದ ಮೌನವನ್ನು ಮೌನವೆಂದೇ ಗುರುತಿಸುವ ಈ ಶಿಸ್ತು ಸಾಹಿತ್ಯ ವಿಮರ್ಶಕನಿಗೂ ಸಂಶೋಧಕನಿಗೂ ಬೇಕಾದದ್ದು. ಶಾಸನದಲ್ಲಿ ಇಲ್ಲದ್ದನ್ನು ಶಾಸನ ನಿರಾಕರಿಸಿದೆ ಎಂದು ತಿಳಿದು ಕಟ್ಟಿದ ವಾದಗಳು ನಮ್ಮಲ್ಲಿ ಅಪರೂಪವೇನಲ್ಲ. ದುರದೃಷ್ಟವೆಂದರೆ, ಇಂತಹ ಅಮೂಲ್ಯವಾದ ಅಭ್ಯಾಸಕ್ಕೆ ದೊರೆತದ್ದು 100ರಲ್ಲಿ 7 ಅಂಕ. ನಿಘಂಟಿನಲ್ಲಿ ಪದ ಹುಡುಕುವುದಕ್ಕೆ ಅದರ ಎರಡರಷ್ಟಕ್ಕೂ ಹೆಚ್ಚು.

4

ಪದಾಭ್ಯಾಸದ ಪ್ರಶ್ನೆಗೆ ಬರೋಣ. ಚೀನೀ ವೈದ್ಯನಿಗೆ ಇಂಗ್ಲಿಷ್ ವೈದ್ಯಕೀಯ ಪದಗಳು ಏಕೆ ಕಷ್ಟ ಎಂಬುದನ್ನು ತಿಳಿಯಬೇಕಾದರೆ ಅವನ ಸ್ವಂತ ಭಾಷೆಯ ಪದಗಳು ಎಷ್ಟು ಪಾರದರ್ಶಕ ಎಂಬುದನ್ನು ಮೊದಲು ನೋಡಬೇಕು. ಮಧುಮೇಹಕ್ಕೆ ಚೀನೀ ಪದ 'ತಾಂಗ್-ನ್ಯಾವ್-ಬಿಂಗ್': ಸಕ್ಕರೆ, ಮೂತ್ರ, ರೋಗ. ಲ್ಯುಕೇಮಿಯಾಕ್ಕೆ 'ಬೈ-ಶ್ಯೂಯೆ-ಬಿಂಗ್': ಬಿಳಿ, ರಕ್ತ, ರೋಗ. ನ್ಯುಮೋನಿಯಾ 'ಫೇಯ್-ಯೆನ್', ಹೆಪಟೈಟಿಸ್ 'ಗಾನ್-ಯೆನ್', ನೆಫ್ರೈಟಿಸ್ 'ಶೆನ್-ಯೆನ್'. ಕ್ರಮವಾಗಿ ಪುಪ್ಪುಸ, ಯಕೃತ್ತು, ಮೂತ್ರಪಿಂಡಗಳ ಉರಿಯೂತ. ಅಕ್ಷರ ಬಲ್ಲ ರೋಗಿಯೂ ಈ ಪದಗಳನ್ನು ನೋಡಿ ರೋಗ ಯಾವ ಅಂಗಕ್ಕೆ ಸಂಬಂಧಿಸಿದ್ದೆಂದು ಊಹಿಸಬಲ್ಲ. ಇಂಗ್ಲಿಷಿನಲ್ಲಾದರೋ ಗ್ರೀಕ್ ಮತ್ತು ಲ್ಯಾಟಿನ್ ಮೂಲದ ಈ ಪದಗಳು ಇಂಗ್ಲಿಷ್ ಮಾತೃಭಾಷೆಯ ರೋಗಿಗೂ ಅಪಾರದರ್ಶಕ. ಯಕೃತ್ತಿಗೆ ದಿನಬಳಕೆಯಲ್ಲಿ 'ಲಿವರ್', ರೋಗದ ಹೆಸರಿನಲ್ಲಿ 'ಹೆಪಾಟೊ'. ಮೂತ್ರಪಿಂಡಕ್ಕೆ 'ಕಿಡ್ನಿ', ರೋಗದಲ್ಲಿ 'ನೆಫ್ರೊ', ವಿಶೇಷಣದಲ್ಲಿ 'ರೀನಲ್'. ಒಂದು ಅಂಗಕ್ಕೆ ಮೂರು ಭಾಷೆಗಳ ಮೂರು ಹೆಸರು.

'ಯೆನ್' ಎಂಬ ಅಕ್ಷರದ ಮೇಲೆ ಕ್ಷಣಕಾಲ ನಿಲ್ಲುವುದು ಉಚಿತ. ಬೆಂಕಿಯ ಮೇಲೆ ಬೆಂಕಿಯನ್ನಿಟ್ಟು ಬರೆದ ಅಕ್ಷರವದು. ಇಂಗ್ಲಿಷಿನ 'ಇನ್‌ಫ್ಲಮೇಶನ್' ಪದದ ಲ್ಯಾಟಿನ್ ಮೂಲದಲ್ಲಿಯೂ ಜ್ವಾಲೆಯಿದೆ. ನಮ್ಮ 'ಉರಿಯೂತ'ದಲ್ಲಿ ಉರಿಯೂ ಇದೆ, ಊತವೂ ಇದೆ. ಸಂಬಂಧವಿಲ್ಲದ ಮೂರು ಭಾಷಾಕುಲಗಳು ದೇಹದ ಒಂದೇ ಅನುಭವವನ್ನು ಒಂದೇ ರೂಪಕದಿಂದ ಹಿಡಿದಿವೆ. ಆದರೆ ಎಲ್ಲ ಕಡೆಯೂ ಇಂತಹ ಸಾಮ್ಯ ದೊರೆಯುವುದಿಲ್ಲ. ಚೀನೀ ರೋಗಿ 'ಶಾಂಗ್-ಹುವೊ' ಎಂದು, ಅಂದರೆ ದೇಹದಲ್ಲಿ ಬೆಂಕಿ ಏರಿದೆಯೆಂದು ಹೇಳಿದಾಗ ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಪದವಿಲ್ಲ. ಮೈಗೆ ಉಷ್ಣವಾಗಿದೆ ಎನ್ನುವ ಕನ್ನಡಿಗನಿಗೆ ಮಾತ್ರ ಅದು ತಟ್ಟನೆ ಅರ್ಥವಾದೀತು. ನರಕ್ಕೆ ಚೀನಾದಲ್ಲಿ ಬಳಕೆಯಾಗುವ 'ಶೆನ್-ಜಿಂಗ್' ಎಂಬ ಪದವೂ ಒಂದು ಕಥೆಯನ್ನು ಹೊತ್ತಿದೆ. ಅದನ್ನು ಸೃಷ್ಟಿಸಿದವರು ಜಪಾನಿನ ಸುಗಿತ ಗೆಂಪಾಕು ಮತ್ತು ಸಂಗಡಿಗರು. ಡಚ್ ಭಾಷೆಯ ಶರೀರರಚನಾ ಗ್ರಂಥವೊಂದನ್ನು 1774ರಲ್ಲಿ ಅನುವಾದಿಸಿದಾಗ, ಚೀನೀ ಅಕ್ಷರಗಳಿಂದಲೇ ಕಟ್ಟಿದ ಪದವದು. ಬಳಿಕ ಅದು ಚೀನಾಕ್ಕೆ ಮರಳಿತು. ಪದವೆಂಬುದು ಗಡಿ ದಾಟಿದ ಜ್ಞಾನದ ಚರಿತ್ರೆಯೂ ಆಗಿರುತ್ತದೆ. ಪದಾಭ್ಯಾಸದ ಪುಸ್ತಕಗಳು ಈ ಚರಿತ್ರೆಯನ್ನು ಅಳಿಸಿ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಚೀನೀ ಪದ ಎಂಬ ಎರಡು ಕಂಬಸಾಲುಗಳನ್ನು ನಿಲ್ಲಿಸುತ್ತವೆ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ವೈದ್ಯಕೀಯ ಇಂಗ್ಲಿಷಿನಲ್ಲಿ ಓದುಗನನ್ನು ಎಡವಿಸುವುದು ಉದ್ದನೆಯ ಗ್ರೀಕ್ ಪದಗಳಿಗಿಂತ ಹೆಚ್ಚಾಗಿ ತಾನು ಬಲ್ಲೆನೆಂದು ತಿಳಿದಿರುವ ಸಣ್ಣ ಪದಗಳು. 'ಟೆಂಡರ್' ಎಂದರೆ ಕೋಮಲವೆಂದು ಶಾಲೆಯಲ್ಲಿ ಕಲಿತವನಿಗೆ ಹೊಟ್ಟೆಯ ಪರೀಕ್ಷೆಯಲ್ಲಿ ಅದು ಮುಟ್ಟಿದರೆ ನೋವು ಎಂದು ತಿಳಿಯಬೇಕು. 'ಡಿಸ್ಚಾರ್ಜ್' ಒಂದೆಡೆ ರೋಗಿಯನ್ನು ಮನೆಗೆ ಕಳುಹಿಸುವುದು, ಇನ್ನೊಂದೆಡೆ ಗಾಯದಿಂದ ಸೋರುವ ದ್ರವ. ರೋಗಿಯ 'ಕಂಪ್ಲೇಂಟ್' ದೂರಲ್ಲ, ತೊಂದರೆಯ ನಿವೇದನೆ. ಧೂಮಪಾನವನ್ನು ರೋಗಿ 'ಡಿನೈ' ಮಾಡುತ್ತಾನೆ ಎಂದು ಬರೆದಾಗ ಅವನು ಆರೋಪವನ್ನು ತಳ್ಳಿಹಾಕಿದನೆಂದಲ್ಲ, ಆ ಅಭ್ಯಾಸವಿಲ್ಲವೆಂದು ತಿಳಿಸಿದನೆಂದಷ್ಟೆ. 'ಅನ್‌ರಿಮಾರ್ಕಬಲ್' ಎಂಬುದು ತಿರಸ್ಕಾರದ ಮಾತಲ್ಲ, ಎಲ್ಲವೂ ಸರಿಯಾಗಿದೆ ಎಂಬ ಸಮಾಧಾನದ ಮಾತು. 'ಪಾಸಿಟಿವ್' ಫಲಿತಾಂಶ ಬಹಳ ಸಲ ಕೆಟ್ಟ ಸುದ್ದಿ. ಈ ಪದಗಳ ಅರ್ಥ ನಿಘಂಟಿನ ಮೊದಲ ಸಾಲಿನಲ್ಲಿ ಸಿಗುವುದಿಲ್ಲ. ಸಂದರ್ಭದೊಳಗೆ, ವೃತ್ತಿಯ ರೂಢಿಯೊಳಗೆ ಸಿಗುತ್ತದೆ. ಸಮಾನಾರ್ಥಕ ಪದವನ್ನು ಆರಿಸುವ ಅಭ್ಯಾಸ ಮುಟ್ಟಲಾರದ ಜಾಗ ಇದೇ.

ಚೀನಾದ ವಿದ್ವಾಂಸರೇ ಈ ಕೊರತೆಯನ್ನು ಗುರುತಿಸಿ ಕೆಲಸ ಮಾಡಿದ್ದಾರೆ ಎಂಬುದನ್ನು ಹೇಳದೆ ಹೋದರೆ ಅನ್ಯಾಯವಾದೀತು. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಎಲ್ಲ ಶಾಸ್ತ್ರಗಳಿಗೂ ಸಾಮಾನ್ಯವಾದ 570 ಪದಕುಟುಂಬಗಳ ವಿದ್ವತ್ ಪದಪಟ್ಟಿಯನ್ನು ಪ್ರಕಟಿಸಿದ್ದರು. 2008ರಲ್ಲಿ ವಾಂಗ್, ಲಿಯಾಂಗ್ ಮತ್ತು ಗೆ ಎಂಬ ಮೂವರು ಚೀನೀ ಸಂಶೋಧಕರು ವೈದ್ಯಕೀಯಕ್ಕೇ ಪ್ರತ್ಯೇಕವಾದ ಪಟ್ಟಿಯನ್ನು ರೂಪಿಸಿದರು. 32 ಶಾಖೆಗಳ 288 ಸಂಶೋಧನ ಲೇಖನಗಳಿಂದ ಸುಮಾರು 10.9 ಲಕ್ಷ ಪದಗಳನ್ನು ಸಂಗ್ರಹಿಸಿ, ಅವುಗಳಿಂದ 623 ಪದಕುಟುಂಬಗಳನ್ನು ಆಯ್ದರು. ಆ ಲೇಖನಗಳ ಒಟ್ಟು ಪದಗಳಲ್ಲಿ ಶೇಕಡ 12ಕ್ಕಿಂತ ತುಸು ಹೆಚ್ಚು ಪಾಲು ಈ 623 ಕುಟುಂಬಗಳದ್ದು. ಎಂದರೆ ಸರಿಸುಮಾರು ಎಂಟು ಪದಗಳಿಗೆ ಒಂದು. ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಕಾಕ್ಸ್‌ಹೆಡ್ ಪಟ್ಟಿಯಲ್ಲೂ ಇದ್ದವು. ರೋಗಗಳ ಹೆಸರುಗಳಿಗಿಂತ ವಾದದ, ಹೋಲಿಕೆಯ, ಅಳತೆಯ ಪದಗಳು ವೈದ್ಯಕೀಯ ಓದಿಗೆ ಅಷ್ಟೇ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪಟ್ಟಿಗಳ ಮಿತಿಯನ್ನೂ ಇದೇ ಕ್ಷೇತ್ರದ ಸಂಶೋಧನೆ ತೋರಿಸಿಕೊಟ್ಟಿದೆ. ಹೊರಗಿನ ನೆರವಿಲ್ಲದೆ ಒಂದು ಪಠ್ಯವನ್ನು ಚೆನ್ನಾಗಿ ಗ್ರಹಿಸಬೇಕಾದರೆ ಅದರ ಪದಗಳಲ್ಲಿ ಶೇಕಡ 98ರಷ್ಟು ಓದುಗನಿಗೆ ತಿಳಿದಿರಬೇಕೆಂದು 2000ದಲ್ಲಿ ಹೂ ಮತ್ತು ನೇಶನ್ ಸೂಚಿಸಿದರು. 50 ಪದಗಳಿಗೆ ಒಂದು ಅಪರಿಚಿತ ಪದ ಮಾತ್ರ ಇರಬೇಕೆಂದು ಇದರ ಅರ್ಥ. ಲಿಖಿತ ಇಂಗ್ಲಿಷಿನಲ್ಲಿ ಈ ಮಟ್ಟವನ್ನು ಮುಟ್ಟಲು 8000ದಿಂದ 9000 ಪದಕುಟುಂಬಗಳು ಬೇಕೆಂದು ನೇಶನ್ 2006ರಲ್ಲಿ ಲೆಕ್ಕ ಹಾಕಿದರು. ಇಷ್ಟು ಪದಗಳನ್ನು ಪಟ್ಟಿಯಿಂದ ಕಲಿಯುವುದು ದುಸ್ಸಾಧ್ಯ. ಅವು ಬಹುಮಟ್ಟಿಗೆ ಓದಿನಿಂದಲೇ ಬರಬೇಕು. ಪದವಿಲ್ಲದೆ ಓದು ಸಾಗದು, ಓದಿಲ್ಲದೆ ಪದ ದಕ್ಕದು. ಪರೀಕ್ಷೆಯ ಹಿಂದಿನ ದಿನ ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆರೆಯದ ಅಭ್ಯರ್ಥಿ ಈ ವರ್ತುಲವನ್ನು ಎಂದೂ ಪ್ರವೇಶಿಸುವುದಿಲ್ಲ.

5

ಹಾಗಾದರೆ ವೈದ್ಯವಿದ್ಯೆಗೆ ಸಲ್ಲುವ ಓದು ಎಂತಹುದು? ಚೀನಾದ ಚರಿತ್ರೆಯಿಂದಲೇ ಎರಡು ನಿದರ್ಶನಗಳನ್ನು ಎತ್ತಿಕೊಳ್ಳಬಹುದು.

ಮೊದಲನೆಯದು ಲು ಶುನ್ ಅವರದು. ಆಧುನಿಕ ಚೀನೀ ಸಾಹಿತ್ಯದ ಈ ಮಹಾಲೇಖಕ 1904ರಿಂದ 1906ರವರೆಗೆ ಜಪಾನಿನ ಸೆಂದಾಯ್‌ನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದರು. ಅಲ್ಲಿ ಶರೀರರಚನೆಯನ್ನು ಬೋಧಿಸುತ್ತಿದ್ದ ಫುಜಿನೋ ಎಂಬ ಅಧ್ಯಾಪಕರು ಈ ಪರದೇಶಿ ವಿದ್ಯಾರ್ಥಿಯ ಟಿಪ್ಪಣಿಗಳನ್ನು ತರಿಸಿಕೊಂಡು, ಬಿಟ್ಟುಹೋದದ್ದನ್ನು ತುಂಬಿ, ವ್ಯಾಕರಣದ ತಪ್ಪುಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಹಿಂತಿರುಗಿಸುತ್ತಿದ್ದರು. 1926ರಲ್ಲಿ ಬರೆದ ಪ್ರಬಂಧದಲ್ಲಿ ಲು ಶುನ್ ಇದನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ರಕ್ತನಾಳದ ಸ್ಥಾನವನ್ನು ತಿದ್ದುವ ಕೈಯೇ ವಾಕ್ಯವನ್ನೂ ತಿದ್ದುತ್ತಿತ್ತು. ಭಾಷೆಯ ತಪ್ಪು ಮತ್ತು ವಿದ್ಯೆಯ ತಪ್ಪು ಬೇರೆಬೇರೆಯಲ್ಲವೆಂಬ ತಿಳಿವಳಿಕೆ ಅಲ್ಲಿತ್ತು. ವಿದ್ಯಾರ್ಥಿ ಮುಂದೆ ವೈದ್ಯನಾಗಲಿಲ್ಲ ಎಂಬುದು ಬೇರೆಯ ಮಾತು.

ಎರಡನೆಯದು ಥೂ ಯೂಯೂ ಅವರದು. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಎಂಬ ಔಷಧವನ್ನು ಕಂಡುಹಿಡಿದುದಕ್ಕಾಗಿ 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಈ ವಿಜ್ಞಾನಿಗೆ ಡಾಕ್ಟರೇಟ್ ಇರಲಿಲ್ಲ. ವಿದೇಶದ ತರಬೇತಿಯೂ ಇರಲಿಲ್ಲ. ಛಿಂಗ್‌ಹಾವ್ ಎಂಬ ಗಿಡದ ಸಾರ ಪ್ರಯೋಗಗಳಲ್ಲಿ ಒಮ್ಮೆ ಫಲ ಕೊಟ್ಟು ಇನ್ನೊಮ್ಮೆ ಕೊಡದೆ ಕಾಡುತ್ತಿದ್ದಾಗ ಅವರು ನಾಲ್ಕನೆಯ ಶತಮಾನದ ಗೆ ಹೊಂಗ್ ರಚಿಸಿದ ವೈದ್ಯಗ್ರಂಥವನ್ನು ಮತ್ತೆ ಓದಿದರು. ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ತೆಗೆಯಬೇಕೆಂದು ಅಲ್ಲಿತ್ತು, ಕುದಿಸಬೇಕೆಂದು ಇರಲಿಲ್ಲ. ಬಿಸಿಯೇ ಔಷಧದ ಶಕ್ತಿಯನ್ನು ಕೆಡಿಸುತ್ತಿರಬಹುದೆಂದು ಅವರು ಊಹಿಸಿ, ಕಡಮೆ ಉಷ್ಣತೆಯಲ್ಲಿ ಕುದಿಯುವ ಈಥರ್ ಬಳಸಿ ಸಾರ ತೆಗೆದರು. ಪಠ್ಯದಲ್ಲಿ ಪ್ರಸ್ತಾಪವಿಲ್ಲದ ಒಂದು ಕ್ರಿಯೆ ಅವರ ಕಣ್ಣಿಗೆ ಬಿದ್ದಿತು ಎಂಬುದು ಇಲ್ಲಿನ ಮುಖ್ಯ ಸಂಗತಿ. ಮೂರನೆಯ ಉತ್ತರದ ಬೆಲೆ ಏನೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಈ ಓದು ನಡೆದದ್ದು ಇಂಗ್ಲಿಷಿನಲ್ಲಲ್ಲ, ಹಳೆಯ ಚೀನೀ ಭಾಷೆಯಲ್ಲಿ. ಆದರೆ ಆ ಶೋಧ ಹೊರಜಗತ್ತನ್ನು ಮುಟ್ಟಲು ಇಂಗ್ಲಿಷು ಬೇಕಾಯಿತು. ಚೀನೀ ಭಾಷೆಯಲ್ಲಿ 1977ರಲ್ಲಿ ಪ್ರಕಟವಾದ ವಿಷಯ ಇಂಗ್ಲಿಷಿನಲ್ಲಿ ವಿಸ್ತಾರವಾಗಿ ಬಂದದ್ದು 1979ರಲ್ಲಿ.

ಓದಿಗೆ ಮಾತ್ರ ಮೀಸಲಾದ ಇಂಗ್ಲಿಷಿನ ಮಿತಿ ಇಲ್ಲಿಯೇ ಗೋಚರಿಸುತ್ತದೆ. 2020ರ ಜನವರಿ 24ರಂದು ವುಹಾನಿನ 41 ರೋಗಿಗಳ ಲಕ್ಷಣಗಳನ್ನು ಕುರಿತು ಚೀನೀ ವೈದ್ಯರು ಬರೆದ ಲೇಖನ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದಾಗ ಜಗತ್ತಿನ ವೈದ್ಯರಿಗೆ ಅದು ಅತ್ಯವಶ್ಯಕವಾದ ಮಾಹಿತಿಯಾಯಿತು. ಅದೇ ತಿಂಗಳ ಕೊನೆಯಲ್ಲಿ ಚೀನಾದ ವಿಜ್ಞಾನ-ತಂತ್ರಜ್ಞಾನ ಸಚಿವಾಲಯ, ಸಂಶೋಧಕರು ಲೇಖನಗಳ ಪ್ರಕಟಣೆಗಿಂತ ರೋಗದ ನಿಯಂತ್ರಣಕ್ಕೆ ಗಮನ ಕೊಡಬೇಕೆಂದು ಸೂಚಿಸಿತು. ಇಂಗ್ಲಿಷಿನಲ್ಲಿ ಹೇಳುವುದು ಮೊದಲೋ, ತನ್ನ ಜನರಿಗೆ ಹೇಳುವುದು ಮೊದಲೋ ಎಂಬ ಹಳೆಯ ಪ್ರಶ್ನೆ ಹೊಸ ಸಂಕಟದ ನಡುವೆ ಮರಳಿ ಬಂದಿತ್ತು. ಈ ಎರಡು ಹೊಣೆಗಳ ನಡುವೆ ನಿಂತ ವೈದ್ಯನಿಗೆ ನಾಲ್ಕು ಆಯ್ಕೆಗಳ ಅಭ್ಯಾಸ ಏನನ್ನು ಕಲಿಸಿಕೊಟ್ಟಿತ್ತು ಎಂದು ಕೇಳಬೇಕಾಗುತ್ತದೆ.

6

ಪರೀಕ್ಷೆಯ ಪರವಾಗಿ ಹೇಳಬಹುದಾದ ಮಾತುಗಳನ್ನು ಕಡೆಗಣಿಸಲಾಗದು. ಇಷ್ಟು ವಿಶಾಲವಾದ ದೇಶದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೌಲ್ಯಮಾಪನ ಇದ್ದುದರಿಂದ ಶಿಫಾರಸು, ಮುಖಪರಿಚಯಗಳ ಪ್ರಭಾವಕ್ಕೆ ಒಂದು ಮೇರೆ ಸಿಕ್ಕಿತು. ದೂರದ ಪಟ್ಟಣದ ಆಸ್ಪತ್ರೆಯ ವೈದ್ಯನಿಗೆ ಇಂಗ್ಲಿಷ್ ಪುಟವೊಂದನ್ನು ತೆರೆಯಲು ಬೇರೆ ಕಾರಣವೇ ಇಲ್ಲದಿದ್ದಾಗ ಈ ಪರೀಕ್ಷೆ ಒಂದು ಕಾರಣ ಒದಗಿಸಿತು. ಆದರೆ ಅದೇ ವೈದ್ಯನ ಬಡ್ತಿ, ಸಂಬಳ, ಗೌರವಗಳು ಅವನ ರೋಗಿಗಳೊಡನೆ ಎಂದೂ ಬಳಸದ ಭಾಷೆಯ ಅಂಕಗಳಿಗೆ ತೂಗುಬಿದ್ದದ್ದು ನ್ಯಾಯವೆನಿಸಲಿಲ್ಲ. 2015ರ ನವೆಂಬರಿನಲ್ಲಿ ತಳಮಟ್ಟದ ಆರೋಗ್ಯ ಸಿಬ್ಬಂದಿಯ ಬಡ್ತಿಗೆ ವಿದೇಶಿ ಭಾಷೆ ಕಡ್ಡಾಯವಲ್ಲವೆಂದು ಮಾರ್ಗಸೂಚಿ ಹೊರಟಿತು. 2017ರ ಜನವರಿಯಲ್ಲಿ ಪ್ರಕಟವಾದ ವೃತ್ತಿಪದವಿ ಸುಧಾರಣೆಯ ದಾಖಲೆ, ವಿದೇಶಿ ಭಾಷೆ ಮತ್ತು ಕಂಪ್ಯೂಟರ್ ಪರೀಕ್ಷೆಗಳನ್ನು ಎಲ್ಲರಿಗೂ ಏಕರೂಪವಾಗಿ ವಿಧಿಸುವುದನ್ನು ಕೈಬಿಟ್ಟಿತು.

ಈ ನಿರ್ಧಾರವನ್ನು ನಾವು ಒಪ್ಪುತ್ತೇವೆ. ಆದರೆ ಕಡ್ಡಾಯದ ಪರೀಕ್ಷೆ ತೊಲಗಿದೊಡನೆ ಓದಿನ ಅಗತ್ಯವೂ ತೊಲಗಿತೆಂದು ಭಾವಿಸುವುದು ಅಪಾಯಕರ. ತನ್ನ ಭಾಷೆಯಲ್ಲಿ ಚಿಕಿತ್ಸೆ ಮಾಡಿ, ಪರಭಾಷೆಯಲ್ಲಿ ಓದುವ ಚೀನಾದ ಮೂಲ ತೀರ್ಮಾನ ನಮಗೆ ಸರಿಯಾದದ್ದೆಂದೇ ತೋರುತ್ತದೆ. ಸೋತದ್ದು ಆ ತೀರ್ಮಾನವಲ್ಲ, ಅದನ್ನು ಅಳೆಯಹೊರಟ ಅಳತೆಗೋಲು. ವೈದ್ಯನೊಬ್ಬ ತನ್ನ ಶಾಖೆಯ ಒಂದು ಇಂಗ್ಲಿಷ್ ಲೇಖನವನ್ನು ಓದಿ, ಅದರ ಸಾರವನ್ನೂ ಅದು ಹೇಳದೆ ಉಳಿಸಿದ್ದನ್ನೂ ಚೀನೀ ಭಾಷೆಯಲ್ಲಿ ಅರ್ಧ ಪುಟ ಬರೆದು, ಸಹೋದ್ಯೋಗಿಗಳ ಮುಂದಿಡುವ ಅಭ್ಯಾಸ 65 ಆಯ್ಕೆಗಳ ಪ್ರಶ್ನೆಗಳಿಗಿಂತ ಹೆಚ್ಚು ಫಲಕಾರಿಯಾದೀತು. ಯಂತ್ರ ಅದನ್ನು ತಿದ್ದಲಾರದು ಎಂಬ ಆಕ್ಷೇಪ ಬರಬಹುದು. ಫುಜಿನೋ ಅವರ ಕೆಂಪು ಶಾಯಿಯನ್ನು ನೆನೆದರೆ ಆ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ.

ಈ ಚರ್ಚೆ ನಮಗೆ ಸಂಬಂಧಿಸಿದ್ದೆಂಬುದಕ್ಕೆ ಎರಡು ಕಾರಣಗಳಿವೆ. ದಕ್ಷಿಣದ ರಾಜ್ಯಗಳೂ ಸೇರಿದಂತೆ ಭಾರತದ ಸಾವಿರಾರು ವಿದ್ಯಾರ್ಥಿಗಳು ಚೀನಾದಲ್ಲಿ ಇಂಗ್ಲಿಷ್ ಮಾಧ್ಯಮದ ವೈದ್ಯಪದವಿಗೆಂದು ಹೋಗಿದ್ದಾರೆ. ಅದಕ್ಕೆ ಅಲ್ಲಿನ ಸರ್ಕಾರ 2007ರಲ್ಲಿ ಗುಣಮಟ್ಟದ ನಿಯಮಗಳನ್ನು ರೂಪಿಸಿತು. ಇಂಗ್ಲಿಷನ್ನು ಓದಿಗೆಂದೇ ಕಲಿತ ಅಧ್ಯಾಪಕ ಅವರಿಗೆ ಇಂಗ್ಲಿಷಿನಲ್ಲಿ ಬೋಧಿಸಬೇಕು. ಇಂಗ್ಲಿಷಿನಲ್ಲಿ ಕಲಿತ ವಿದ್ಯಾರ್ಥಿ ಚೀನೀ ರೋಗಿಯ ಹಾಸಿಗೆಯ ಬಳಿ ಚೀನೀ ಮಾತನಾಡಬೇಕು. ಎರಡನೆಯದಾಗಿ, ಮಧ್ಯಪ್ರದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಹಿಂದಿಯ ವೈದ್ಯಕೀಯ ಪಠ್ಯಪುಸ್ತಕಗಳು ಬಿಡುಗಡೆಯಾದಂದಿನಿಂದ ಭಾರತೀಯ ಭಾಷೆಗಳಲ್ಲಿ ವೈದ್ಯಶಿಕ್ಷಣದ ಪ್ರಶ್ನೆ ಮತ್ತೆ ಎದ್ದಿದೆ. ಬೋಧನೆಯನ್ನು ನಮ್ಮ ಭಾಷೆಗೆ ತಂದ ಮೇಲೆ ಇಂಗ್ಲಿಷಿನ ಓದನ್ನು ಹೇಗೆ ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ತಾನಾಗಿ ಮುಂದೆ ಬರುತ್ತದೆ. ಚೀನಾ ಆ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿ, ಒಂದು ಉತ್ತರವನ್ನು ಪ್ರಯೋಗಿಸಿ, ಅದರ ಕೊರತೆಯನ್ನು ಕಂಡಿದೆ.

ಕೊನೆಯದಾಗಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರನ್ನು ನೆನೆಯಬೇಕು. ಕನ್ನಡವೂ ಮರಾಠಿಯೂ ಕಲೆತು ಬಾಳುವ ಆ ಊರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ವೈದ್ಯಶಾಸ್ತ್ರ ಕಲಿತು, 1938ರಲ್ಲಿ ಐವರು ವೈದ್ಯರ ಭಾರತೀಯ ನಿಯೋಗದಲ್ಲಿ ಅವರು ಚೀನಾಕ್ಕೆ ಹೋದರು. ಅಲ್ಲಿ ಚೀನೀ ಭಾಷೆಯನ್ನು ಮಾತಿನಲ್ಲಿಯೂ ಬರಹದಲ್ಲಿಯೂ ರೂಢಿಸಿಕೊಂಡು, ಬೆಥೂನ್ ಹೆಸರಿನ ಆಸ್ಪತ್ರೆಯ ಹೊಣೆ ಹೊತ್ತು, ಅಲ್ಲಿನ ವಿದ್ಯಾರ್ಥಿಗಳಿಗೆ ಅವರ ಭಾಷೆಯಲ್ಲಿಯೇ ಪಾಠ ಹೇಳಿ, 1942ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಭಾಷಾಜ್ಞಾನವನ್ನು ಯಾವ ಮಂಡಳಿಯೂ ಅಂಕಗಳಲ್ಲಿ ಅಳೆಯಲಿಲ್ಲ. ಗಾಯಾಳುಗಳ ನಡುವೆ ದಿನನಿತ್ಯದ ಅಗತ್ಯವೇ ಅದನ್ನು ಅಳೆಯಿತು. ವೃತ್ತಿಪರರ ಭಾಷಾಕಲಿಕೆಯನ್ನು ಕುರಿತ ಸಂಶೋಧನೆ ಈ ಅಗತ್ಯವನ್ನು ಕೇಂದ್ರವಾಗಿರಿಸಿಕೊಂಡು ಮುಂದುವರಿಯಬೇಕೆಂಬುದು ನಮ್ಮ ಆಶಯ. ನಾನಾ ಭಾಷಿಕ ಪರಿಸರಗಳಲ್ಲಿರುವ ನಮ್ಮ ಸಂಶೋಧಕರು ತಮ್ಮ ತಮ್ಮ ನಗರಗಳ ಆಸ್ಪತ್ರೆಗಳಲ್ಲಿ ಕನ್ನಡ, ಮರಾಠಿ, ತಮಿಳು, ತೆಲುಗು, ಹಿಂದಿಗಳ ನಡುವೆ ವೈದ್ಯನೂ ರೋಗಿಯೂ ಒಬ್ಬರನ್ನೊಬ್ಬರು ಹೇಗೆ ಓದಿಕೊಳ್ಳುತ್ತಾರೆ ಎಂಬುದನ್ನು ದಾಖಲಿಸಿದರೆ ಈ ಚರ್ಚೆಗೆ ನೆಲೆಯೊಂದು ಒದಗುತ್ತದೆ.